ಕಂಬಳಿ ಕಟ್ಟಿಕೊಂಡು ಹವಾಯಿ ಮುಟ್ಟಿದ ಸಬ್‌ಮರೀನ್: ಆರ್-14 ಕಥೆ ಗೊತ್ತಾ?

ಹಳೇಬೇರು:
ಎಲ್ಲರಿಗೂ ನಮಸ್ಕಾರ. ಹಳೇ ಹಡಗುಗಳ ಸೇವಾ ದಾಖಲೆ ಓದೋದು ನನ್ನ ಚಟ. ಹೆಚ್ಚಿನವು ನಿದ್ದೆ ಬರಿಸುತ್ತವೆ. ಇಂಥ ದಿನ ಕಟ್ಟೋಕೆ ಶುರು, ಇಂಥ ದಿನ ನೀರಿಗಿಳಿಸಿದರು, ಇಂಥ ದಿನ ಗುಜರಿಗೆ. ನಿನ್ನೆ ರಾತ್ರಿ ಅಮೆರಿಕ ನೌಕಾಪಡೆಯ ಆರ್-14 ಎಂಬ ಹಳೇ ಸಬ್‌ಮರೀನಿನ ದಾಖಲೆ ಓದುತ್ತಿದ್ದೆ. ಅದೂ ಹಾಗೇ ಇತ್ತು, ಮಧ್ಯೆ ಒಂದು ಕಡೆ ಬಿಟ್ಟು. ಓದಿ ಮುಗಿಸಿದಾಗ ಗಂಟೆ ಎರಡಾಗಿತ್ತು.

ಮೊದಲು ಒಣ ವಿವರ. ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿರುವ ಫೋರ್ ರಿವರ್ ಕಾರ್ಖಾನೆಯಲ್ಲಿ 1918ರ ನವೆಂಬರ್‌ನಲ್ಲಿ ಕಟ್ಟಲು ಶುರು ಮಾಡಿದರು. ಅದೇ ತಿಂಗಳು ಮೊದಲ ಮಹಾಯುದ್ಧ ಮುಗಿಯಿತು. ಅಂದರೆ ಯಾವ ಯುದ್ಧಕ್ಕೆ ಅಂತ ಕಟ್ಟಿದರೋ ಅದಕ್ಕೆ ಇದು ಸಿಗಲೇ ಇಲ್ಲ. 1919ರ ಅಕ್ಟೋಬರ್‌ನಲ್ಲಿ ನೀರಿಗಿಳಿಯಿತು, ಡಿಸೆಂಬರ್ 24ಕ್ಕೆ ಸೇವೆಗೆ ಸೇರಿತು. ಉದ್ದ 186 ಅಡಿ. ನೀರಿನ ಮೇಲೆ ತೇಲುವಾಗ ಸುಮಾರು 570 ಟನ್. ಮುಂಭಾಗದಲ್ಲಿ 21 ಇಂಚಿನ ನಾಲ್ಕು ಟಾರ್ಪಿಡೊ ಕೊಳವೆ, ಡೆಕ್ ಮೇಲೆ ಒಂದು 3 ಇಂಚಿನ ತೋಪು. ಒಳಗೆ ಸುಮಾರು 30 ಜನ. ಮಾರನೇ ವರ್ಷ ಪರ್ಲ್ ಹಾರ್ಬರ್‌ಗೆ ಕಳಿಸಿದರು.

ಈಗ ಆ ಭಾಗ. 1921ರ ಮಾರ್ಚ್ 25ಕ್ಕೆ ಕಾನೆಸ್ಟೋಗಾ ಎಂಬ ನೌಕಾಪಡೆಯ ಟಗ್, ಅಂದರೆ ಬೇರೆ ಹಡಗುಗಳನ್ನು ಎಳೆಯುವ ಹಡಗು, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಿಂದ ಹೊರಟಿತು. ಪರ್ಲ್ ಹಾರ್ಬರ್ ಮುಟ್ಟಿ, ಅಲ್ಲಿಂದ ಅಮೆರಿಕನ್ ಸಮೋವಾಕ್ಕೆ ಹೋಗಬೇಕಿತ್ತು. ಅದರಲ್ಲಿ 56 ಜನ. ಪರ್ಲ್ ಹಾರ್ಬರ್‌ಗೆ ಬರಲೇ ಇಲ್ಲ. ಹುಡುಕಲು ಹೊರಟವರಲ್ಲಿ ಆರ್-14 ಕೂಡ ಒಂದು. ಮೇ 10ರ ಹೊತ್ತಿಗೆ ಹವಾಯಿಯ ಆಗ್ನೇಯಕ್ಕೆ ಸುಮಾರು 100 ನಾಟಿಕಲ್ ಮೈಲಿ ದೂರದಲ್ಲಿ ಇದರ ಎಂಜಿನ್ನೇ ನಿಂತಿತು. ಉಪಯೋಗಕ್ಕೆ ಬರುವ ಡೀಸೆಲ್ ಖಾಲಿ. ರೇಡಿಯೋ ಸತ್ತಿದೆ. ಊಟ ಇನ್ನು ಐದು ದಿನಕ್ಕೆ. ಬ್ಯಾಟರಿಯಲ್ಲಿ ಉಳಿದಿರುವ ಚಾರ್ಜ್ ದಡದವರೆಗೆ ಸಾಲದು.

ಹಂಗಾಮಿ ಕ್ಯಾಪ್ಟನ್ ಲೆಫ್ಟಿನೆಂಟ್ ಅಲೆಕ್ಸಾಂಡರ್ ಡೀನ್ ಡಗ್ಲಸ್. ಎಂಜಿನಿಯರಿಂಗ್ ಅಧಿಕಾರಿ ರಾಯ್ ಟ್ರೆಂಟ್ ಗ್ಯಾಲಮೋರ್. ಇವರಿಬ್ಬರೂ ಸೇರಿ ಸಬ್‌ಮರೀನಿಗೆ ಹಾಯಿ ಕಟ್ಟಿಸಿದರು! ಮಲಗುವ ಮಂಚದ ಪೈಪ್ ಚೌಕಟ್ಟು ಕಳಚಿ ಒಂದಕ್ಕೊಂದು ಬಿಗಿದು ಹಾಯಿ ತೂಗುಹಾಕುವ ಅಡ್ಡಕಂಬ ಮಾಡಿಕೊಂಡರು. ಎಂಟು ಹ್ಯಾಮಕ್ ಹೊಲಿದು ಮುಂದಿನ ಹಾಯಿ. ಹ್ಯಾಮಕ್ ಅಂದರೆ ದಪ್ಪ ಕ್ಯಾನ್ವಾಸಿನ ಜೋಲಿ. ಅದನ್ನು ಟಾರ್ಪಿಡೊ ಏರಿಸುವ ಕ್ರೇನಿನ ಕಂಬಕ್ಕೆ ಕಟ್ಟಿದರು. ದೋಣಿ ಒಂದು ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿಯಂತೆ, ಅಲುಗಾಡಿತು, ಚುಕ್ಕಾಣಿಯ ಮಾತೂ ಕೇಳತೊಡಗಿತು. ಹುರುಪು ಬಂತು. ಆರು ಕಂಬಳಿಯ ಎರಡನೇ ಹಾಯಿ ರೇಡಿಯೋ ಕಂಬಕ್ಕೆ. ಅರ್ಧ ನಾಟ್ ಜಾಸ್ತಿ. ಆಮೇಲೆ ಎಂಟು ಕಂಬಳಿಯ ಮೂರನೇದು. ಮತ್ತರ್ಧ ನಾಟ್. ಹೀಗೆ 64 ಗಂಟೆ ಹಾಯಿಯಲ್ಲೇ ಬಂದು, ಮೇ 15ರ ಬೆಳಿಗ್ಗೆ ಹಿಲೋ ಬಂದರಿನೊಳಗೆ ಬ್ಯಾಟರಿ ಮೇಲೆ ಹೋದರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಲ್ಲ, ಇವರು ಹಾಸಿಗೆಯನ್ನೇ ಗಾಳಿಗೆ ಚಾಚಿದರು.

ಸುಮ್ನೆ_ಕೇಳ್ದೆ:
ಚೆನ್ನಾಗಿದೆ ಸರ್, ಆದರೆ ಬುರುಡೆ ಅನ್ನಿಸ್ತಿದೆ. 570 ಟನ್ ಕಬ್ಬಿಣವನ್ನು 14 ಕಂಬಳಿ ಎಳೆಯೋದಾ? ನಮ್ಮನೆ ತಾರಸಿ ಮೇಲೆ ಒಣಹಾಕಿದ ಕಂಬಳಿ ಹಾರಿ ಹೋಗುತ್ತೆ ನಿಜ, ಮನೆ ಹಾರಿ ಹೋಗಲ್ಲ.

ಹಳೇಬೇರು:
ಹಹ್ಹಾ. ಫೋಟೋ ಇದೆ ಮಾರಾಯ. ನೌಕಾಪಡೆಯ ಸಂಗ್ರಹದಲ್ಲೇ ಇದೆ. ಮಂಚದ ಪೈಪ್, ಅದಕ್ಕೆ ಕಟ್ಟಿದ ಬಟ್ಟೆ, ಮೇಲೆ ಎಡಗಡೆ ಟೊಪ್ಪಿ ಇಲ್ಲದೆ ಡಗ್ಲಸ್. ಹೆಸರು ಹಾಕಿ ಹುಡುಕಿ, ಸಿಗುತ್ತೆ.

ಮಲ್ಪೆಗಾಳಿ:
ಸುಮ್ನೆ ಅವರೇ, ಮನೆ ನೆಲಕ್ಕೆ ಕೂತಿರುತ್ತೆ. ದೋಣಿ ನೀರಿನ ಮೇಲೆ ಇರುತ್ತೆ ಮಾರಾಯ್ರೆ. ದಕ್ಕೆಯಲ್ಲಿ ನಿಂತ ದೊಡ್ಡ ಟ್ರಾಲ್ ಬೋಟನ್ನು ಇಬ್ಬರು ಹುಡುಗರು ಹಗ್ಗ ಹಿಡಿದು ಎಳೆದು ಪಕ್ಕಕ್ಕೆ ತರ್ತಾರೆ, ನೋಡಿಲ್ವಾ? ನಿಧಾನ ಆದರೆ ಸಾಕು, ಬಲ ಬೇಡ.

ನಮ್ಮ ಅಪ್ಪ ಇಪ್ಪತ್ತೈದು ವರ್ಷ ಬೋಟಿಗೆ ಹೋದವರು. ಒಂದ್ಸಲ ಬೋಟಿನ ಫ್ಯಾನಿಗೆ, ಅದೇ ಪ್ರೊಪೆಲ್ಲರಿಗೆ, ಬಲೆ ಸುತ್ತಿ, ಎಂಜಿನ್ ಕೈಕೊಟ್ಟು, ವಯರ್‌ಲೆಸ್ಸಲ್ಲಿ ಬರೀ ಗೊರಗೊರ. ಮಂಜುಗಡ್ಡೆ ಮುಚ್ಚುವ ಟಾರ್ಪಾಲು ತೆಗೆದು ಕಟ್ಟಿ ಅರ್ಧ ದಿನ ಬಂದಿದ್ದರಂತೆ, ಆಮೇಲೆ ಇನ್ನೊಂದು ಬೋಟು ಸಿಕ್ಕಿತು. ಟಾರ್ಪಾಲು ಹರಿದಿದ್ದಕ್ಕೆ ಮಾಲೀಕರು ಬೈದರು ಅನ್ನೋದೇ ಅವರಿಗೆ ಇವತ್ತಿಗೂ ನೆನಪು. ಈ ಫೋಟೋ ಅವರಿಗೆ ತೋರಿಸ್ತೇನೆ.

ಎಂಜಿನ್_ರೂಮ್:
ನಾನು ಮೆಕ್ಯಾನಿಕಲ್. ಸುಮ್ನೆ ಅವರ ಸಂಶಯಕ್ಕೆ ಲೆಕ್ಕದಲ್ಲೇ ಉತ್ತರ ಕೊಡೋಣ ಅಂತ ಕೂತೆ.

ಮೊದಲು ದೂರ. 64 ಗಂಟೆ, ಸರಾಸರಿ ಒಂದೂವರೆ ನಾಟ್ ಅಂದುಕೊಳ್ಳಿ. 96 ನಾಟಿಕಲ್ ಮೈಲಿ. ಹೇಳಿರೋದು ಸುಮಾರು 100. ಕೂಡಿಬರುತ್ತೆ.

ಈಗ ಬಲ. ಆರ್-14ಕ್ಕೆ ಎರಡು ಡೀಸೆಲ್ ಎಂಜಿನ್, ತಲಾ 440 ಹೆಚ್‌ಪಿ, ಒಟ್ಟು 880. ಅಷ್ಟರಲ್ಲಿ ಹೆಚ್ಚುಕಡಿಮೆ 12 ನಾಟ್ ವೇಗ ಇಟ್ಟುಕೊಳ್ಳಿ. ನೀರಲ್ಲಿ ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ, ಇಳಿಯುತ್ತೆ. 12ರಿಂದ 2ಕ್ಕೆ ಇಳಿದರೆ ವೇಗ ಆರನೇ ಒಂದು ಭಾಗ. ಶಕ್ತಿ 216ನೇ ಒಂದು ಭಾಗ. 880ನ್ನು 216ರಿಂದ ಭಾಗಿಸಿ. ನಾಲ್ಕು ಹೆಚ್‌ಪಿ! ನಮ್ಮ ತೋಟದ ಬೋರ್‌ವೆಲ್ ಮೋಟರ್ ಐದು ಹೆಚ್‌ಪಿ. ಇದು ಮೋಟಾ ಲೆಕ್ಕ, ಅಲೆ ಗಿಲೆ ಸೇರಿಸಿಲ್ಲ. ಆದರೂ ಕಂಬಳಿಯಿಂದ ಆಗದ ಕೆಲಸ ಅಂತೂ ಅಲ್ಲ.

ಸುಮ್ನೆ_ಕೇಳ್ದೆ:
ಸರಿ ಗುರುಗಳೇ, ಒಪ್ಪಿದೆ. ಬೋರ್‌ವೆಲ್ ಉದಾಹರಣೆ ಕೊಟ್ಟರೆ ವಾದ ಮಾಡೋಕಾಗಲ್ಲ.

ಆದರೆ ಇನ್ನೊಂದು. ಹಾಯಿಯಲ್ಲಿ ಬಂದವರು ಬಂದರಿನೊಳಗೆ ಬ್ಯಾಟರಿ ಮೇಲೆ ಹೋದರು ಅಂದ್ರಿ. ಚಾರ್ಜ್ ಸಾಲದು ಅಂತಾನೂ ಅಂದ್ರಿ. ಎಲ್ಲಿಂದ ಬಂತು?

ಹಳೇಬೇರು:
ಒಳ್ಳೇ ಪ್ರಶ್ನೆ. ಅದನ್ನು ಬರೆಯೋಕೆ ಮರೆತೆ, ನಿಜಕ್ಕೂ ಅದೇ ಮಜವಾದ ಭಾಗ. ಮೂರೂ ಹಾಯಿ ಏರಿಸಿ ದೋಣಿ ಓಡತೊಡಗಿದ ಮೇಲೆ, ಮೇ 12ರ ಮಧ್ಯಾಹ್ನ ಗ್ಯಾಲಮೋರ್ ಬ್ಯಾಟರಿಗೆ ಚಾರ್ಜ್ ಹಾಕಲು ಶುರು ಮಾಡಿದ. ದೋಣಿ ಮುಂದೆ ಹೋದಾಗ ನೀರು ಪ್ರೊಪೆಲ್ಲರನ್ನು ತಿರುಗಿಸುತ್ತೆ. ಪ್ರೊಪೆಲ್ಲರ್ ಶಾಫ್ಟಿಗೆ ಎಲೆಕ್ಟ್ರಿಕ್ ಮೋಟರ್ ಜೋಡಿಸಿದೆ. ಕರೆಂಟ್ ಕೊಟ್ಟರೆ ತಿರುಗುವ ಮೋಟರ್, ತಿರುಗಿಸಿದರೆ ಕರೆಂಟ್ ಕೊಡುತ್ತೆ. ಗಾಳಿಯಿಂದ ಹಾಯಿ, ಹಾಯಿಯಿಂದ ಓಟ, ಓಟದಿಂದ ಕರೆಂಟ್.

ಎಂಜಿನ್_ರೂಮ್:
ಆದರೆ ಇಲ್ಲಿ ಕೈ ಹಿಡಿದು ಮಾತಾಡಬೇಕು. ಒಟ್ಟು ಇರೋದೇ ನಾಲ್ಕು ಹೆಚ್‌ಪಿ, ಅದರಲ್ಲಿ ಚಾರ್ಜಿಗೆ ಎಷ್ಟು ಸಿಕ್ಕೀತು? ಜಾಸ್ತಿ ಕಿತ್ತುಕೊಂಡರೆ ದೋಣಿ ನಿಧಾನ ಆಗುತ್ತೆ. ಅರ್ಧ ಹೆಚ್‌ಪಿ ಅಂತ ಊಹೆ ಮಾಡಿ, 60 ಗಂಟೆಗೆ 30 ಹೆಚ್‌ಪಿ-ಗಂಟೆ. ಅಂದರೆ ಕೊನೆಯಲ್ಲಿ ಒಂದು ಗಂಟೆ ಕಾಲ 30 ಹೆಚ್‌ಪಿ ಉಪಯೋಗಿಸಬಹುದು, ಸುಮಾರು 4 ನಾಟ್ ವೇಗ ಸಿಗುತ್ತೆ. ಇದು ನನ್ನ ಊಹೆ ಅಷ್ಟೇ. ಬಂದರಿನ ಬಾಯಲ್ಲಿ ಬಂಡೆ ತಪ್ಪಿಸಿ ಒಳಗೆ ಹೋಗೋಕೆ ಒಂದು ಗಂಟೆ ಮೋಟರ್ ಕೈಯಲ್ಲಿದ್ದರೆ ಅದೇ ದೊಡ್ಡದು. ಕಂಬಳಿ ಹಾಯಿಯಲ್ಲಿ ಅದು ಆಗದ ಮಾತು.

ಗ್ಯಾಲಮೋರ್ ಅವರನ್ನು ಭೇಟಿಯಾಗಬೇಕಿತ್ತು. ಮೂರು ದಿನ ಹನಿ ಹನಿ ಕೂಡಿಟ್ಟು ಕೊನೇ ಮೈಲಿಗೆ ಖರ್ಚು ಮಾಡಿದ ಮನುಷ್ಯ.

ಕಬ್ಬಿಣದ_ಕಡಲೆ:
ಕ್ಷಮಿಸಿ, ಇದು ಎಸ್-5 ಅಲ್ವಾ? ನಾನು ಎಲ್ಲೋ ಓದಿದ್ದೆ, ಸಬ್‌ಮರೀನಿನವರು ಒಳ ಅಂಗಿಯನ್ನು ಕೋಲಿಗೆ ಕಟ್ಟಿ ಹಾರಿಸಿದ್ದು ಅಂತ.

ಹಳೇಬೇರು:
ಅದು ಬೇರೆ, ಆದರೆ ಹೆಚ್ಚುಕಡಿಮೆ ಅದೇ ಕಾಲ. 1920ರ ಸೆಪ್ಟೆಂಬರ್ 1, ಡೆಲವೇರ್ ಕರಾವಳಿಯಿಂದ ಆಚೆ. ಮುಳುಗುವ ಅಭ್ಯಾಸ ಮಾಡುವಾಗ ಗಾಳಿ ಒಳಬರುವ ದೊಡ್ಡ ವಾಲ್ವ್ ಮುಚ್ಚೋದು ತಡವಾಗಿ ನೀರು ನುಗ್ಗಿತು. ಮೂತಿ ತಳಕ್ಕೆ ಹೋಗಿ ನಾಟಿಕೊಂಡಿತು. ಅಲ್ಲಿ ಆಳ ಸುಮಾರು 180 ಅಡಿ, ದೋಣಿಯ ಉದ್ದ 231 ಅಡಿ. ಲೆಕ್ಕ ಹಾಕಿ. ಇರುವ ಗಾಳಿಯನ್ನೆಲ್ಲ ಹಿಂದಿನ ಟ್ಯಾಂಕಿಗೆ ಬಿಟ್ಟು ಬಾಲವನ್ನು ನೀರಿನಿಂದ ಮೇಲೆತ್ತಿದರು. ಕೈ ಡ್ರಿಲ್‌ನಲ್ಲಿ ಕಬ್ಬಿಣಕ್ಕೆ ತೂತು ಕೊರೆದು, ತಾಮ್ರದ ಪೈಪಿಗೆ ಬಿಳಿ ಅಂಗಿ ಕಟ್ಟಿ ಹೊರಗೆ ತೂರಿಸಿದರು. ಅಲ್ಯಾಂಥಸ್ ಎಂಬ ಮರದ ಹಡಗು ಅದನ್ನು ಕಂಡು ಹತ್ತಿರ ಬಂತು. ಅದರ ಕ್ಯಾಪ್ಟನ್ ತೂತಿನ ಬಳಿ ಬಂದು ಯಾವ ಹಡಗು ಅಂತ ಕೇಳಿದ. ಎಸ್-5. ಯಾವ ದೇಶ? ಅಮೆರಿಕ. ಎಲ್ಲಿಗೆ ಹೊರಟಿದ್ದೀರಿ? "ದಿಕ್ಸೂಚಿ ಪ್ರಕಾರ ನರಕಕ್ಕೆ" ಅಂತ ಒಳಗಿಂದ ಉತ್ತರ ಬಂತು.

ಆಮೇಲೆ ಜನರಲ್ ಗೋಥಲ್ಸ್ ಎಂಬ ಇನ್ನೊಂದು ಹಡಗಿನವರು ಬಂದು ತೂತು ದೊಡ್ಡದು ಮಾಡಿದರು. ಒಂದೂವರೆ ದಿನದ ಮೇಲೆ ಎಲ್ಲರೂ ಜೀವಂತ ಹೊರಗೆ ಬಂದರು, ಒಬ್ಬರೂ ಸಾಯಲಿಲ್ಲ.

ಕಬ್ಬಿಣದ_ಕಡಲೆ:
ಹಾಂ ಅದೇ. ಥ್ಯಾಂಕ್ಸ್. ಅಂಗಿ ಬೇರೆ, ಕಂಬಳಿ ಬೇರೆ.

ಜೋಳದರೊಟ್ಟಿ:
ಅಮೆರಿಕದವರ ಬಟ್ಟೆಗಳಿಗೆ ಪದಕ ಕೊಡಬೇಕು.

ನೀಲಿಪರ್ದೆ:
ಈ ಸಬ್‌ಮರೀನ್ ಒಳಗೆ ಬದುಕೋದು ಹೇಗಿರುತ್ತೆ ಅಂತ ಗೊತ್ತಾಗಬೇಕಾದರೆ ವಿಶಾಖಪಟ್ಟಣಕ್ಕೆ ಹೋಗಿ ಐಎನ್‌ಎಸ್ ಕುರ್ಸುರಾ ಹತ್ತಿ. ಬೀಚ್ ಮೇಲೆ ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ರಷ್ಯಾದಲ್ಲಿ ಕಟ್ಟಿದ್ದು, 1969ರಿಂದ 2001ರವರೆಗೆ ಸೇವೆಯಲ್ಲಿತ್ತು. ನನ್ನ ಮಗಳು ಒಳಗೆ ಹೋದವಳೇ "ಅಮ್ಮಾ, ಇವರು ಎಲ್ಲಿ ಕಾಲು ಚಾಚ್ತಾರೆ?" ಅಂದಳು. ಟಾರ್ಪಿಡೊ ಪಕ್ಕದಲ್ಲೇ ಮಂಚ. ಕಾಲಿಟ್ಟ ಕಡೆಯೆಲ್ಲ ವಾಲ್ವ್, ಪೈಪ್, ಗಾಲಿ. ಒಂದು ಗುಂಡಗಿನ ಬಾಗಿಲು ದಾಟುವಾಗ ನನ್ನ ಸೀರೆ ಸೆರಗು ಸಿಕ್ಕಿಹಾಕಿಕೊಂಡು, ಹಿಂದಿನವರೆಲ್ಲ ನಿಂತು, ದೊಡ್ಡ ರಂಪ.

ಕುರ್ಸುರಾ 91 ಮೀಟರ್ ಉದ್ದ. ನೀವು ಹೇಳಿದ್ದು 186 ಅಡಿ, ಅಂದರೆ 57 ಮೀಟರ್. ಆ 91 ಮೀಟರೇ ನನಗೆ ಉಸಿರು ಕಟ್ಟಿಸಿತ್ತು. ಅದರಲ್ಲಿ ಮಂಚ ಕಳಚಿ ಮೇಲಕ್ಕೆ ಸಾಗಿಸಿದರು ಅಂದರೆ, ಆ ಪೈಪುಗಳನ್ನು ಕಿರಿದಾದ ಏಣಿಬಾಯಿಂದ ಮೇಲೆ ತಂದದ್ದು ಹೇಗೆ ಅಂತ ನನಗೆ ಆಶ್ಚರ್ಯ. ಕೈ ತಗುಲಿ ಎಷ್ಟು ಜನ ಬೈದುಕೊಂಡರೋ.

ಮಲ್ಪೆಗಾಳಿ:
ಮೇಡಂ, ಬೈಗುಳ ಇಲ್ಲದೆ ಕಡಲ ಮೇಲೆ ಯಾವ ಕೆಲಸವೂ ಆಗೋದಿಲ್ಲ.

ಕಡ್ಡಿಮುರಿದಂತೆ:
ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದೀರಿ. ನನಗೆ ಒಂದು ಅರ್ಥ ಆಗ್ತಿಲ್ಲ. ಹುಡುಕಲು ಹೋದ ಹಡಗು ತಾನೇ ಡೀಸೆಲ್ ಮುಗಿಸಿಕೊಂಡು ಕೂರೋದು ಸಾಹಸವಾ, ಬೇಜವಾಬ್ದಾರಿಯಾ? ಟ್ಯಾಂಕ್ ನೋಡಿಕೊಂಡು ಹೊರಡಬೇಕಾದದ್ದು ಯಾರ ಕೆಲಸ? ನನ್ನ ಮಗ ಬೈಕಲ್ಲಿ ಪೆಟ್ರೋಲ್ ಇಲ್ಲದೆ ಹೋಗಿ ಐದು ಕಿಲೋಮೀಟರ್ ತಳ್ಳಿಕೊಂಡು ಬಂದರೆ ನಾನು ಹಾರ ಹಾಕಲ್ಲ.

ಹಳೇಬೇರು:
ನ್ಯಾಯವಾದ ಮಾತು. ನಾನೂ ಅದನ್ನೇ ಯೋಚಿಸಿದೆ. ದಾಖಲೆಯಲ್ಲಿ ಇರುವ ಪದ "ಉಪಯೋಗಕ್ಕೆ ಬರುವ" ಡೀಸೆಲ್ ಮುಗಿಯಿತು ಅಂತ. ಬರೀ ಡೀಸೆಲ್ ಮುಗಿಯಿತು ಅಂತಲ್ಲ.

ಎಂಜಿನ್_ರೂಮ್:
ಆ ಒಂದು ಪದದಲ್ಲೇ ವಿಷಯ ಇದೆ. ಸಬ್‌ಮರೀನಿನಲ್ಲಿ ಡೀಸೆಲ್ ಖರ್ಚಾದ ಹಾಗೆ ಟ್ಯಾಂಕ್ ಹಗುರ ಆದರೆ ಮುಳುಗೋ ಲೆಕ್ಕ ಎಲ್ಲ ತಪ್ಪುತ್ತೆ. ಅದಕ್ಕೆ ಟ್ಯಾಂಕಿನ ತಳದಿಂದ ಸಮುದ್ರದ ನೀರು ಬಿಟ್ಟುಕೊಳ್ಳುವ ವ್ಯವಸ್ಥೆ ಸಬ್‌ಮರೀನ್‌ಗಳಲ್ಲಿ ಸಾಮಾನ್ಯ. ಎಣ್ಣೆ ಹಗುರ, ಮೇಲೆ ತೇಲುತ್ತೆ. ಮೇಲಿನಿಂದ ಎಣ್ಣೆ ಎಳೆಯೋದು, ಕೆಳಗಿಂದ ನೀರು ತುಂಬೋದು. ಸಾಂಬಾರಿನ ಮೇಲೆ ತೇಲುವ ಒಗ್ಗರಣೆ ನೋಡಿ, ಹಾಗೆ. ಶಾಂತವಾಗಿದ್ದರೆ ಸರಿ. ಅಲೆಗೆ ದಿನಗಟ್ಟಲೆ ಕುಲುಕಿದರೆ ಎರಡೂ ಕಲಸಿಹೋಗಬಹುದು. ನೀರು ಬೆರೆತ ಡೀಸೆಲ್ ಎಂಜಿನ್ನಿಗೆ ಹೋದರೆ ಕಥೆ ಮುಗೀತು. ಟ್ಯಾಂಕ್ ತುಂಬಿದಂತೆ ಕಾಣುತ್ತೆ, ಒಳಗೆ ಇರೋದು ಉಪ್ಪುನೀರು. ಆರ್-14ಕ್ಕೆ ಇದೇ ಆಗಿದ್ದಿರಬಹುದು ಅಂತ ನನ್ನ ಅನಿಸಿಕೆ.

ಕಡ್ಡಿಮುರಿದಂತೆ:
ಅನಿಸಿಕೆ ಸರಿ. ಆದರೂ ಐದು ದಿನದ ಊಟ ಇಟ್ಟುಕೊಂಡು, ಕೆಟ್ಟ ರೇಡಿಯೋ ಇಟ್ಟುಕೊಂಡು ಅಷ್ಟು ದೂರ ಹೋದದ್ದು ಸರಿ ಅಂತ ನೀವು ಹೇಳಿಸಲಾರಿರಿ.

ಹಳೇಬೇರು:
ಹೇಳಿಸೋಕೆ ಹೊರಟಿಲ್ಲ. ಆದರೆ ಮೇಲಧಿಕಾರಿ ಏನು ಮಾಡಿದ ಗೊತ್ತಾ? ಹವಾಯಿಯ ಸಬ್‌ಮರೀನ್ ಡಿವಿಷನ್ ಕಮಾಂಡರ್ ಡಗ್ಲಸ್‌ಗೆ ಮೆಚ್ಚುಗೆ ಪತ್ರ ಬರೆದ. ಆ ಕಮಾಂಡರ್ ಹೆಸರು ಚೆಸ್ಟರ್ ನಿಮಿಟ್ಜ್.

ಕಬ್ಬಿಣದ_ಕಡಲೆ:
ಆ ನಿಮಿಟ್ಜಾ? ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ನೌಕಾಪಡೆ ನಡೆಸಿದವರು?

ಹಳೇಬೇರು:
ಅವರೇ. ಆಗ ಇನ್ನೂ ಕಮಾಂಡರ್. ಪರ್ಲ್ ಹಾರ್ಬರ್‌ನಲ್ಲಿ ಸಬ್‌ಮರೀನ್ ನೆಲೆ ಕಟ್ಟಿಸಲು ಬಂದಿದ್ದರು. ಅವರ ಹಿಂದಿನ ಕಥೆ ನೋಡಿದರೆ ಆ ಪತ್ರ ಯಾಕೆ ಅಂತ ಅರ್ಥ ಆಗುತ್ತೆ ಅನ್ನಿಸುತ್ತೆ. 1908ರಲ್ಲಿ ಫಿಲಿಪೀನ್ಸ್‌ನಲ್ಲಿ ಡೆಕೇಟರ್ ಎಂಬ ಹಡಗನ್ನು ಕೆಸರು ದಿಬ್ಬಕ್ಕೆ ಹತ್ತಿಸಿ ಕೋರ್ಟ್ ಮಾರ್ಷಲ್ ಎದುರಿಸಿದ ಮನುಷ್ಯ. ಛೀಮಾರಿ ಹಾಕಿ ಬಿಟ್ಟರು. ಮಾರನೇ ವರ್ಷ ಪ್ಲಂಜರ್ ಎಂಬ ಪುಟ್ಟ ಸಬ್‌ಮರೀನ್ ಕೈಗೆ ಕೊಟ್ಟರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1905ರಲ್ಲಿ ಒಳಗೆ ಕೂತು ನೀರಿಗೆ ಮುಳುಗಿ ಬಂದದ್ದು ಇದೇ ಪ್ಲಂಜರ್‌ನಲ್ಲಿ. ಪೆಟ್ರೋಲ್ ಎಂಜಿನ್, ಮುಚ್ಚಿದ ಡಬ್ಬಿಯೊಳಗೆ ಪೆಟ್ರೋಲ್ ಆವಿ. ಯಾವ ಹೊತ್ತಿಗೆ ಏನಾಗುತ್ತೋ ಅನ್ನೋ ಬದುಕು. ಡೀಸೆಲ್ಲೇ ಸರಿ ಅಂತ ಹಟ ಹಿಡಿದವರಲ್ಲಿ ನಿಮಿಟ್ಜ್ ಕೂಡ ಒಬ್ಬರು. 1913ರಲ್ಲಿ ಅದನ್ನೇ ಕಲಿಯಲು ಜರ್ಮನಿಗೆ ಹೋದರು. ಆಮೇಲೆ ಡೀಸೆಲ್ ಎಂಜಿನ್ ತೋರಿಸುವಾಗ ಗೇರಿಗೆ ಕೈ ಸಿಕ್ಕಿ ಒಂದು ಬೆರಳಿನ ಭಾಗ ಹೋಯಿತು. ಬೆರಳಲ್ಲಿದ್ದ ಉಂಗುರ ಅಡ್ಡ ಬಂದು ಮಿಕ್ಕ ಕೈ ಉಳಿಯಿತು.

ಇಂಥವರಿಗೆ ಡೀಸೆಲ್ ಯಾಕೆ ಕೈಕೊಡುತ್ತೆ ಅಂತ ಹೊಸದಾಗಿ ಹೇಳಬೇಕಿರಲಿಲ್ಲ.

ಕಡ್ಡಿಮುರಿದಂತೆ:
ತಪ್ಪು ಮಾಡಿ ಬಚಾವಾದವರು ತಪ್ಪು ಮಾಡಿದವರನ್ನು ಬಚಾವ್ ಮಾಡ್ತಾರೆ ಅಂತಾಯ್ತು. ನಮ್ಮ ಆಫೀಸಲ್ಲೂ ಹೀಗೇ. ಇರಲಿ, ಕಂಬಳಿಗೆ ನನ್ನದೂ ಒಂದು ಮಾರ್ಕು.

ಸುಮ್ನೆ_ಕೇಳ್ದೆ:
ಗಾಳಿ ಬೇರೆ ಕಡೆ ಬೀಸಿದ್ದರೆ?

ಎಂಜಿನ್_ರೂಮ್:
ಹೈಸ್ಕೂಲ್ ಭೂಗೋಳದಲ್ಲಿ ವಾಣಿಜ್ಯ ಮಾರುತ ಅಂತ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಹವಾಯಿ ಸುತ್ತ ಅದೇ ಗಾಳಿ. ಈಶಾನ್ಯ, ಪೂರ್ವದಿಂದ ಒಂದೇ ಸಮ. ಇವರು ಹೋಗಬೇಕಾದ್ದು ವಾಯವ್ಯಕ್ಕೆ. ಬಲ ಪಕ್ಕೆಯಿಂದ ಗಾಳಿ. ದ್ವೀಪದ ಪಶ್ಚಿಮಕ್ಕೆ ಸಿಕ್ಕಿಬಿದ್ದಿದ್ದರೆ ಅದೇ ಗಾಳಿ ಇನ್ನೂ ದೂರ ಒಯ್ಯುತ್ತಿತ್ತು. ಅದೃಷ್ಟವೂ ಇತ್ತು.

ನೀಲಿಪರ್ದೆ:
ಎಲ್ಲ ಸರಿ. ಯಾರೂ ಕೇಳ್ತಿಲ್ಲವಲ್ಲ. ಆ ಟಗ್ ಏನಾಯ್ತು? 56 ಜನ?

ಹಳೇಬೇರು:
ಮೇಡಂ, ಅದನ್ನು ಬರೆಯೋಕೆ ಮನಸ್ಸು ಬರಲಿಲ್ಲ, ಅದಕ್ಕೆ ಬಿಟ್ಟಿದ್ದೆ.

ಆರ್-14 ಹಿಲೋ ಮುಟ್ಟಿದ ಎರಡು ದಿನಕ್ಕೆ, ಮೇ 17ರಂದು, ಮೆಕ್ಸಿಕೋ ಕರಾವಳಿಯಿಂದ ನೂರಾರು ಮೈಲಿ ಆಚೆ ಒಂದು ಹಡಗಿಗೆ ಖಾಲಿ ಲೈಫ್‌ಬೋಟ್ ಕಂಡಿತು. ಅದರ ಮೂತಿಯ ಮೇಲೆ 'ಸಿ' ಅಕ್ಷರ. ಹುಡುಕಾಟ ಆ ಕಡೆಗೂ ಹೊರಳಿತು. ಏನೂ ಸಿಗಲಿಲ್ಲ. ಜೂನ್ 30ಕ್ಕೆ ನೌಕಾಪಡೆ ಕಾನೆಸ್ಟೋಗಾ ಕಳೆದುಹೋಯಿತು ಅಂತ ಘೋಷಿಸಿತು.

2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎದುರಿನ ಫ್ಯಾರಲಾನ್ ದ್ವೀಪಗಳ ಬಳಿ ಸಮುದ್ರತಳದ ಸಮೀಕ್ಷೆ ಮಾಡುವಾಗ ಒಂದು ಹಡಗಿನ ಆಕಾರ ಕಂಡಿತು. ಆಮೇಲೆ ಕ್ಯಾಮೆರಾ ಇಳಿಸಿ ನೋಡಿದರು. 2016ರ ಮಾರ್ಚ್‌ನಲ್ಲಿ ಅದು ಕಾನೆಸ್ಟೋಗಾ ಅಂತ ಸಾರಿದರು. 95 ವರ್ಷದ ಮೇಲೆ. ದ್ವೀಪದಿಂದ ಮೂರು ಮೈಲಿ, 189 ಅಡಿ ಆಳ. ಬಿರುಗಾಳಿಗೆ ಸಿಕ್ಕಿ ಮರೆಗಾಗಿ ದ್ವೀಪದ ಕಡೆ ತಿರುಗಿದ್ದಿರಬೇಕು ಅನ್ನುತ್ತಾರೆ.

ಅಂದರೆ ಆರ್-14ನವರು ಹವಾಯಿ ಸುತ್ತ ಕಣ್ಣಲ್ಲಿ ಕಣ್ಣಿಟ್ಟು ಹುಡುಕುವಾಗ, ಆ ಟಗ್ ಎರಡು ಸಾವಿರ ಮೈಲಿ ದೂರ, ಹೊರಟ ಊರಿನ ಬಾಗಿಲಲ್ಲೇ ಬಿದ್ದಿತ್ತು.

ನೀಲಿಪರ್ದೆ:
ಅಯ್ಯೋ.

ಜೋಳದರೊಟ್ಟಿ:
ಪದಕದ ಜೋಕ್ ವಾಪಸ್ ತಗೊಂಡೆ.

ಕಬ್ಬಿಣದ_ಕಡಲೆ:
ಮಾರ್ಚ್ 25 ಅಂದಾಗಲೇ ಏನೋ ಕೊರೀತಿತ್ತು. ಈಗ ನೋಡಿದೆ. 1915ರ ಮಾರ್ಚ್ 25ಕ್ಕೇ ಎಫ್-4 ಎಂಬ ಸಬ್‌ಮರೀನ್ ಹೊನೊಲುಲು ಎದುರು ಮುಳುಗಿದ್ದು. 21 ಜನ. ಅಮೆರಿಕ ನೌಕಾಪಡೆಯ ಅಧಿಕೃತ ಸೇವೆಯಲ್ಲಿದ್ದು ಕಳೆದುಹೋದ ಮೊದಲ ಸಬ್‌ಮರೀನ್. ಬ್ಯಾಟರಿ ಇಡುವ ಟ್ಯಾಂಕಿನ ಸೀಸದ ಲೈನಿಂಗ್ ಆಸಿಡ್‌ಗೆ ತಿಂದುಹೋಗಿ ನೀರು ನುಗ್ಗಿದ್ದು ಕಾರಣ ಅಂತ ಇದೆ. ಫ್ರಾಂಕ್ ಕ್ರಿಲಿ ಎಂಬ ಮುಳುಗುಗಾರ 304 ಅಡಿ ಇಳಿದು ಅದನ್ನು ಮುಟ್ಟಿ ಬಂದ. ಅದೇ ಆಗಸ್ಟ್‌ನಲ್ಲಿ ಮೇಲೆತ್ತಿದರು. ಆರು ವರ್ಷದ ಅಂತರ, ಒಂದೇ ತಾರೀಕು. ಕಾಕತಾಳೀಯ ಅಷ್ಟೇ, ಆದರೂ.

ಹಳೇಬೇರು:
ಒಳ್ಳೇ ಹುಡುಕು. ಆರ್-14ನಲ್ಲಿ ಹೋದವರಿಗೆ ಎಫ್-4 ನೆನಪು ಇಲ್ಲದಿರುತ್ತಾ? ಅದೇ ದ್ವೀಪದ ನೀರು, ಆರೇ ವರ್ಷದ ಹಿಂದಿನ ಮಾತು.

ಇನ್ನು ಉಳಿದ ಸೇವಾ ಕಥೆ, ಕೇಳಿದವರಿಗೆ. 1930ರ ಕೊನೆವರೆಗೆ ಹವಾಯಿಯಲ್ಲೇ. ಆಮೇಲೆ ಅಟ್ಲಾಂಟಿಕ್ ಕಡೆ, ಕನೆಕ್ಟಿಕಟ್‌ನ ನ್ಯೂ ಲಂಡನ್‌ನಲ್ಲಿ ಸಬ್‌ಮರೀನ್ ಶಾಲೆಯ ಹುಡುಗರಿಗೆ ಕಲಿಸುವ ದೋಣಿ. ವರ್ಷಗಟ್ಟಲೆ ಅದೇ ಕೆಲಸ: ಮುಳುಗು, ಏಳು, ಹೊಸ ಹುಡುಗರನ್ನು ಇಳಿಸು. ಎರಡನೇ ಮಹಾಯುದ್ಧ ಬಂದಾಗ ಇದು ಆಗಲೇ ಮುದಿ. ಫ್ಲಾರಿಡಾದ ಕೀ ವೆಸ್ಟ್‌ಗೆ ಕಳಿಸಿದರು. ಸ್ವಲ್ಪ ಗಸ್ತು, ಜಾಸ್ತಿ ಹೊತ್ತು ಗುರಿಹಲಗೆಯ ಕೆಲಸ. ಹೊಸ ಹಡಗುಗಳ ಹುಡುಗರು ನೀರಿನಡಿಯ ಸದ್ದು ಕೇಳಿ ಸಬ್‌ಮರೀನ್ ಹುಡುಕೋದನ್ನು ಇದರ ಮೇಲೆ ಕಲಿತರು.

ಅದೂ ಸುರಕ್ಷಿತ ಕೆಲಸ ಅಲ್ಲ. ಇದರ ಜೊತೆಯ ಆರ್-12 ಅದೇ ಕೀ ವೆಸ್ಟ್ ಎದುರು 1943ರ ಜೂನ್ 12ಕ್ಕೆ ಮುಳುಗಿತು. ಮುಂದಿನ ಬ್ಯಾಟರಿ ಕೋಣೆಗೆ ನೀರು ನುಗ್ಗಿತು. ಎಚ್ಚರಿಕೆ ಗಂಟೆ ಹೊಡೆದು ಸುಮಾರು 15 ಸೆಕೆಂಡಿಗೆ ದೋಣಿ ಇಲ್ಲ. 42 ಜನ ಹೋದರು. ಮೇಲೆ ಬ್ರಿಡ್ಜ್‌ನಲ್ಲಿ, ಅಂದರೆ ನಿಂತು ದೋಣಿ ನಡೆಸುವ ಹೊರಗಿನ ಜಾಗದಲ್ಲಿ, ಇದ್ದ ಐವರು ಉಳಿದರು.

ಆರ್-14 ಉಳಿಯಿತು. 1945ರ ಮೇ 7ಕ್ಕೆ ಫಿಲಡೆಲ್ಫಿಯಾದಲ್ಲಿ ಸೇವೆಯಿಂದ ಇಳಿಸಿದರು. ಜರ್ಮನಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ ದಿನವೇ. ಆಮೇಲೆ ಗುಜರಿ. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಶತ್ರುವಿನ ಒಂದು ಹಡಗನ್ನೂ ಮುಳುಗಿಸಲಿಲ್ಲ.

ಕಡ್ಡಿಮುರಿದಂತೆ:
ಮೇಷ್ಟ್ರ ನೌಕರಿ ಅಂತ ಹೇಳಿ.

ಸುಮ್ನೆ_ಕೇಳ್ದೆ:
ನನಗೆ ಕೊನೇ ಸಂಶಯ. 30 ಜನಕ್ಕೆ 14 ಕಂಬಳಿ ಹಾಯಿಗೆ ಹೋದವು, ಮಂಚದ ಪೈಪೂ ಹೋದವು. ಮೂರು ರಾತ್ರಿ ಯಾರು ಎಲ್ಲಿ ಮಲಗಿದರು?

ಮಲ್ಪೆಗಾಳಿ:
ಮಲಗೋದಾ? ಹಾಯಿ ಕಟ್ಟಿದವರಿಗೆ ನಿದ್ದೆ ಎಲ್ಲಿಂದ ಬರುತ್ತೆ ಮಾರಾಯ್ರೆ. ಹಗ್ಗ ಯಾವಾಗ ಸಡಿಲ ಆಗುತ್ತೋ ಅಂತ ಅದನ್ನೇ ನೋಡ್ತಾ ಕೂರೋದು.

ಇವತ್ತು ಸಂಜೆ ಅಪ್ಪನಿಗೆ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು, ಫೋನ್ ದೂರ ಹಿಡಿದು, ತುಂಬ ಹೊತ್ತು ನೋಡಿದರು. ಕಂಬಳಿ ಹೊಲಿದದ್ದು ಚೆನ್ನಾಗಿಲ್ಲ, ಮಧ್ಯೆ ಗಾಳಿ ಸೋರುತ್ತೆ ಅಂದರು. ಕಥೆ ಪೂರ್ತಿ ಹೇಳಿದೆ. ಅವರಿಗೆ ಸಬ್‌ಮರೀನ್ ಅಷ್ಟು ಹಿಡಿಸಲಿಲ್ಲ. "ಆ ಇನ್ನೊಂದು, ಕಳೆದುಹೋದ ಬೋಟು, ಎಷ್ಟು ನೀರಲ್ಲಿ ಸಿಕ್ಕಿತು?" ಅಂತ ಕೇಳಿದರು. 189 ಅಡಿ ಅಂದೆ. ಬೆರಳಲ್ಲಿ ಲೆಕ್ಕ ಹಾಕಿ, ಮೂವತ್ತೊಂದು ಮಾರು ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಾವು ದಿನಾ ಬಲೆ ಬಿಡುವ ನೀರು" ಅಂದರು.

ಹಳೇಬೇರು:
ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಟಾರ್ಪಾಲು ಕಥೆ ಪೂರ್ತಿ ಕೇಳಿ ಬರೆದುಕೊಳ್ಳಿ, ಬಿಡಬೇಡಿ.